ಸೊನ್ನೆಯನ್ನು ಅಳೆದ ಪ್ರಯೋಗ

ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ನಡೆದ ನ್ಯೂಟ್ರಾನ್ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನ್ಯೂಟ್ರಾನಿನೊಳಗಿನ ಧನ, ಋಣ ಆವೇಶಗಳ ಕೇಂದ್ರಗಳು ಒಂದಿಷ್ಟಾದರೂ ಬೇರೆಯಾಗಿವೆಯೇ? ಕಾಣಲಿಲ್ಲ. ಇದ್ದರೂ ಆ ಬೇರ್ಪಡಿಕೆಯ ಅಳತೆಯಾದ ದ್ವಿಧ್ರುವತೆ 1.8×10⁻²⁶ ಎಲೆಕ್ಟ್ರಾನ್ ಆವೇಶ-ಸೆಂಟಿಮೀಟರಿಗಿಂತ ಕಡಿಮೆ.

ನ್ಯೂಟ್ರಾನನ್ನು ಭೂಮಿಯಷ್ಟು ಹಿಗ್ಗಿಸಿದರೆ ಆ ಅಂತರ ಸುಮಾರು ಒಂದು ಮೈಕ್ರೋಮೀಟರ್ ಎಂದು ವಿವರಿಸಬಹುದು. ಲೆಕ್ಕವೇನೋ ಸರಿ, ಆದರೆ ಅದು ದಾರಿ ತಪ್ಪಿಸುತ್ತದೆ. ಇಲ್ಲಿ ಯಾರೂ ಉದ್ದ ಅಳೆಯಲಿಲ್ಲ. ನ್ಯೂಟ್ರಾನಿಗೆ ದಿಕ್ಕು ಎಂದಿರುವುದು ಸ್ಪಿನ್ ಎಂಬ ಅದರ ಸ್ವಂತ ತಿರುಗುಗುಣ ಒಂದರಿಂದಲೇ. ದ್ವಿಧ್ರುವತೆಯೂ ಅದೇ ಗೆರೆಯಲ್ಲಿರಬೇಕು. ಕಾಲವನ್ನು ಹಿಂದಕ್ಕೆ ಓಡಿಸಿದರೆ ಸ್ಪಿನ್ ತಲೆಕೆಳಗಾಗುತ್ತದೆ, ಆವೇಶಗಳು ಇದ್ದಲ್ಲೇ ಇರುತ್ತವೆ. ಹಾಗಾಗಿ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಕಾಲದ ಸಮಮಿತಿ ಮುರಿದಂತೆ.

ದುರ್ಬಲ ಕಾಂತಕ್ಷೇತ್ರದಲ್ಲಿ ಈ ಸ್ಪಿನ್ ಬುಗುರಿಯ ಹಾಗೆ ಓಲಾಡುತ್ತದೆ, ಸೆಕೆಂಡಿಗೆ ಸುಮಾರು 30 ಸುತ್ತು. ನಾರ್ಮನ್ ರ‍್ಯಾಮ್ಸೆ ರೂಪಿಸಿದ ವಿಧಾನದಲ್ಲಿ 180 ಸೆಕೆಂಡು ಅದನ್ನು ಅದರ ಪಾಡಿಗೆ ಬಿಟ್ಟು, ವಿದ್ಯುತ್ ಕ್ಷೇತ್ರದ ದಿಕ್ಕು ಬದಲಿಸಿದಾಗ ಸುತ್ತು ಹೆಚ್ಚುಕಮ್ಮಿಯಾಯಿತೇ ಎಂದು ನೋಡುತ್ತಾರೆ. ಮೇಲಿನ ಮಿತಿಯಷ್ಟೇ ದ್ವಿಧ್ರುವತೆ ಇದ್ದಿದ್ದರೆ ಆ ವ್ಯತ್ಯಾಸ ಎರಡು ತಿಂಗಳಿಗೆ ಒಂದು ಸುತ್ತು!

ಇಷ್ಟು ಸಣ್ಣದನ್ನು ಹಿಡಿಯಹೊರಟವರಿಗೆ ಮೊದಲ ಶತ್ರು ಕಾಂತಕ್ಷೇತ್ರದ ಏರಿಳಿತ. ಅದನ್ನು ಗಮನಿಸಲು ನ್ಯೂಟ್ರಾನುಗಳಿದ್ದ ಪಾತ್ರೆಯಲ್ಲೇ ಪಾದರಸದ ಆವಿಯನ್ನೂ ತುಂಬಿದರು. ಅಲ್ಲೊಂದು ತೊಡಕು: ಅತಿಶೀತಲ ನ್ಯೂಟ್ರಾನುಗಳು ಎಷ್ಟು ನಿಧಾನವೆಂದರೆ ಗುರುತ್ವಕ್ಕೆ ಜಗ್ಗಿ, ಪಾದರಸಕ್ಕಿಂತ ಸರಾಸರಿ ಸುಮಾರು 4 ಮಿ.ಮೀ. ಕೆಳಗೆ ಉಳಿಯುತ್ತವೆ. ಮೇಲೆ ಕೆಳಗೆ ಕ್ಷೇತ್ರ ಒಂದೇ ಸಮನಿಲ್ಲದಿದ್ದರೆ ಕಾವಲುಗಾರನ ಸಾಕ್ಷ್ಯವೇ ತಪ್ಪುತ್ತದೆ. ಈ ತಪ್ಪನ್ನು ಬೆನ್ನಟ್ಟಿ ತಿದ್ದಿದ ಪರಿಯೇ ನನಗೆ ಪ್ರಬಂಧದ ನಿಜವಾದ ಸಾಧನೆಯಾಗಿ ಕಾಣುತ್ತದೆ. ಜೊತೆಗೆ ದತ್ತಾಂಶದಲ್ಲಿ ಗುಟ್ಟಾಗಿ ಸುಳ್ಳು ದ್ವಿಧ್ರುವತೆ ಬೆರೆಸಿ, ಎರಡು ತಂಡಗಳಿಗೆ ಬೇರೆ ಬೇರೆಯಾಗಿ ವಿಶ್ಲೇಷಿಸಲು ಕೊಟ್ಟರು. ಬೇಕಾದ ಉತ್ತರದತ್ತ ಕೈ ವಾಲದಿರಲಿ ಎಂಬ ಎಚ್ಚರ ಅದು.

ಹಾಗೆಂದು ಹೊಗಳಿಕೆಗೂ ಮಿತಿಯುಂಟು. ಹಿಂದಿನ ಮಿತಿ 3.0×10⁻²⁶; ಇಷ್ಟೆಲ್ಲ ಪಾಡುಪಟ್ಟು ದಕ್ಕಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ ಸುಧಾರಣೆ. ಯಂತ್ರವೂ ಫ್ರಾನ್ಸಿನ ಗ್ರೆನೋಬಲ್‌ನಿಂದ ತಂದು ನವೀಕರಿಸಿದ ಹಳೆಯದು. ಕಣಭೌತದ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಹೇಳುವ ಬೆಲೆ ಇನ್ನೂ ಲಕ್ಷ ಪಟ್ಟು ಕೆಳಗಿದೆ. ಆದರೆ ಪ್ರಬಲ ಬಲದ ಸಿದ್ಧಾಂತದಲ್ಲಿ ಎಷ್ಟು ಬೇಕಾದರೂ ಇರಬಹುದಾದ, ಈ ದ್ವಿಧ್ರುವತೆಯನ್ನು ಹುಟ್ಟಿಸಬಲ್ಲ ಒಂದು ಕೋನವನ್ನು ಈ ಬಗೆಯ ಮಿತಿಗಳು ಸುಮಾರು 10⁻¹⁰ಕ್ಕೆ ಅದುಮಿಟ್ಟಿವೆ. ಅಷ್ಟು ಚಿಕ್ಕದಾಗಲು ಕಾರಣವೇನು ಎಂಬುದಕ್ಕೆ ಉತ್ತರವಾಗಿ ಆಕ್ಸಿಯಾನ್ ಎಂಬ ಊಹೆಯ ಕಣ ಹುಟ್ಟಿತು. ಅದೂ ಇನ್ನೂ ಸಿಕ್ಕಿಲ್ಲ.