ಆಶ್ರಯ, ಪರವಾನಗಿ, ಪಾಠಾಂತರ: ಸಿಂಪ್ಯೂಟರನ್ನು ಗಡಿಯಿಂದ ಓದುವುದು

ಯಂತ್ರಾಂಶ ತಯಾರಿಸುವ ಕಂಪನಿಯೊಂದು ಮುಕ್ತ ತಂತ್ರಾಂಶವನ್ನು 'ಬೆಂಬಲಿಸುತ್ತದೆ' ಎಂಬ ಮಾತನ್ನು ನಾವು ಸಾಮಾನ್ಯವಾಗಿ ಪ್ರಶ್ನಿಸದೆ ಒಪ್ಪಿಕೊಳ್ಳುತ್ತೇವೆ. ಬೆಂಬಲವೆಂದರೆ ಬೆನ್ನ ಹಿಂದಿನ ಬಲ. ಇಲ್ಲಿ ಯಾರ ಬೆನ್ನಿಗೆ ಯಾರ ಬಲವಿದೆ ಎಂದು ಕೇಳಿದೊಡನೆ ಉತ್ತರ ಗೋಜಲಾಗುತ್ತದೆ. 2000ದ ಕೊನೆಯಲ್ಲಿ ಐಬಿಎಂ ಸಂಸ್ಥೆ ಮರುವರ್ಷ ಲಿನಕ್ಸ್‌ಗಾಗಿ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಘೋಷಿಸಿತು. ಇಂಟೆಲ್‌ನ ಎಂಜಿನಿಯರುಗಳು ಲಿನಕ್ಸ್ ಕರ್ನೆಲ್‌ಗೆ ವರ್ಷಗಳಿಂದ ಸಂಕೇತ ಬರೆದುಕೊಡುತ್ತ ಬಂದಿದ್ದಾರೆ. ಇದನ್ನು ಔದಾರ್ಯವೆಂದು ಕರೆಯಬೇಕಿಲ್ಲ, ಕಪಟವೆಂದೂ ಕರೆಯಬೇಕಿಲ್ಲ. ತಂತ್ರಾಂಶ ಅಗ್ಗವಾದಷ್ಟೂ ಯಂತ್ರ ಹೆಚ್ಚು ಮಾರಾಟವಾಗುತ್ತದೆ, ಲೆಕ್ಕ ಅಷ್ಟೇ. ಆದರೆ ಈ ಲೆಕ್ಕಕ್ಕೆ ಒಂದು ಎಲ್ಲೆಯಿದೆ. ಕಂಪನಿಯ ಬೆಂಬಲ ಅದರ ಚಿಪ್ಪಿಗೆ ಬೇಕಾದಷ್ಟು ದೂರ ಮಾತ್ರ ಹೋಗುತ್ತದೆ. ಕನ್ನಡದ ಒತ್ತಕ್ಷರ ಪರದೆಯ ಮೇಲೆ ತನ್ನ ಜಾಗದಲ್ಲಿ ಕೂರದಿದ್ದರೆ ಯಾವ ಚಿಪ್ಪಿನ ಮಾರಾಟವೂ ನಿಲ್ಲುವುದಿಲ್ಲ.

ಈ ಎಲ್ಲೆಯನ್ನು ಮೀರಲು ಯತ್ನಿಸಿದ ಒಂದು ಯಂತ್ರ ನಮ್ಮ ನೆರೆಯಲ್ಲೇ ಹುಟ್ಟಿತ್ತು. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿ ಕೂಡಿ ಜಗತ್ತಿನ ಮುಂದಿಟ್ಟ ಸಿಂಪ್ಯೂಟರ್ ಅದು. ಅಂಗೈಯಗಲದ, ಲಿನಕ್ಸ್ ಮೇಲೆ ನಡೆಯುವ ಸಾಧನ. ಗುರಿಯಿಟ್ಟುಕೊಂಡ ಬೆಲೆ ಸುಮಾರು 9,000 ರೂಪಾಯಿ. ಒಂದೇ ಯಂತ್ರವನ್ನು ಊರಿನವರು ಹಂಚಿಕೊಂಡು, ಒಬ್ಬೊಬ್ಬರೂ ತಮ್ಮದೇ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಲಿ ಎಂಬ ಕಲ್ಪನೆ ಅದರ ವಿನ್ಯಾಸದೊಳಗೇ ಇತ್ತು. ಬಹುಭಾಷಿಕತೆಯನ್ನು ಅದರ ಹೆಸರಿನ ವಿಸ್ತರಣೆಯಲ್ಲೇ ಸೇರಿಸಲಾಗಿತ್ತು. ಓದು ಬಾರದವರಿಗಾಗಿ ಪಠ್ಯವನ್ನು ಉಲಿದು ಕೇಳಿಸುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಸಿದ್ಧಪಡಿಸಲಾಯಿತು. ಅದು ಮೊದಲು ಉಲಿದ ಭಾಷೆಗಳಲ್ಲಿ ಕನ್ನಡವೂ ಒಂದು.

ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿರುವುದು ಯಂತ್ರವಲ್ಲ, ಅದರ ಪರವಾನಗಿಗಳು. ಪರವಾನಗಿಯೂ ಒಂದು ಸಾಹಿತ್ಯ ಪ್ರಕಾರವೇ. ಓದುಗ ಏನು ಮಾಡಬಹುದೆಂದು ಮೊದಲೇ ಹೇಳುವ ಪ್ರಕಾರ. ಸಿಂಪ್ಯೂಟರ್ ಒಂದಲ್ಲ, ಎರಡು ಪರವಾನಗಿಗಳ ಅಡಿ ಬದುಕಿತು. ಧ್ವನಿ ಬಂದದ್ದು ಜಿಪಿಎಲ್ ಅಡಿಯಲ್ಲಿ: ಯಾರೂ ಪ್ರತಿ ಮಾಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಯಂತ್ರದ ವಿನ್ಯಾಸಕ್ಕೆ ಸಿಂಪ್ಯೂಟರ್ ಟ್ರಸ್ಟ್ ತನ್ನದೇ ಪರವಾನಗಿ ಬರೆಯಿತು. ನಕ್ಷೆಯನ್ನು ನೋಡಿ ಕಲಿಯಬಹುದು. ವಾಣಿಜ್ಯಕ್ಕಾಗಿ ತಯಾರಿಸುವುದಾದರೆ ಶುಲ್ಕ ಕಟ್ಟಬೇಕು. ಮಾಡಿದ ಸುಧಾರಣೆಗಳನ್ನು ನಿಗದಿತ ಅವಧಿಯ ನಂತರ ಟ್ರಸ್ಟಿಗೆ ಮರಳಿಸಬೇಕು. ಯಂತ್ರಾಂಶವನ್ನೂ ಮುಕ್ತಗೊಳಿಸುವ ಯೋಚನೆ ಆ ಕಾಲಕ್ಕೆ ದಿಟ್ಟತನದ್ದೇ. ಆದರೂ ಇದು ಅರ್ಧ ತೆರೆದ ಬಾಗಿಲು ಎಂದೇ ನನ್ನ ಓದು.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ನಾವು ಔದಾರ್ಯದ ಕಥೆಯಾಗಿ ಪಾಠ ಮಾಡುತ್ತೇವೆ. ಅದನ್ನು ತಂತ್ರಜ್ಞಾನದ ಕಥೆಯಾಗಿಯೂ ಓದಬಹುದು. ಓಲೆ, ಕಂಠ, ಲಿಪಿಕಾರನ ಕೂಲಿ ಎಲ್ಲವನ್ನೂ ಒದಗಿಸಿದ ಆಶ್ರಯದಾತೆ ಕೈಬಿಟ್ಟ ಪ್ರತಿಯ ಮೇಲೆ ಹಿಡಿತ ಇಟ್ಟುಕೊಳ್ಳಲಿಲ್ಲ. ಹಿಡಿತವಿಲ್ಲದ್ದರಿಂದಲೇ ಹಸ್ತಪ್ರತಿ ಪರಂಪರೆಯಲ್ಲಿ ಪಾಠಾಂತರಗಳು ಹುಟ್ಟುತ್ತವೆ. ಗ್ರಂಥ ಸಂಪಾದಕರಿಗೆ ತಲೆನೋವಾದ ಈ ಪಾಠಾಂತರವೇ ಕೃತಿ ಉಳಿದುಬಂದ ದಾರಿಯೂ ಹೌದು. (ಹೋಲಿಕೆಯನ್ನು ಬಹಳ ಎಳೆಯಲಾರೆ: ಲಿಪಿಕಾರನ ತಿದ್ದುಪಡಿ ಅನೇಕ ವೇಳೆ ನಿದ್ದೆಗಣ್ಣಿನದು.)

ಸಿಂಪ್ಯೂಟರಿನ ಮುಂದಿನ ಕಥೆ ಈ ಎರಡು ಬಗೆಯ ಕೊಡುಗೆಗಳನ್ನು ಬೇರ್ಪಡಿಸಿ ತೋರಿಸುತ್ತದೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ನಿರೀಕ್ಷೆಗಿಂತ ಬಹಳ ಕಡಿಮೆ, ಕೆಲವೇ ಸಾವಿರ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಊರೂರಿಗೆ ನುಗ್ಗಿತ್ತು. ಸೋಲಿಗೆ ಪರವಾನಗಿಯೊಂದೇ ಕಾರಣವೆಂದರೆ ಅನ್ಯಾಯವಾದೀತು. ಆದರೆ ಯಂತ್ರ ನಿಂತಾಗ ಅದರ ನಕ್ಷೆಯನ್ನು ಕೈಗೆತ್ತಿಕೊಂಡು ಮುಂದುವರಿಸುವವರು ಬರಲಿಲ್ಲ. ಧ್ವನಿಗೆ ಬಂದರು. ಕೇರಳದ ಸಂತೋಷ್ ತೊಟ್ಟಿಂಗಲ್ ಅದನ್ನು ಎತ್ತಿಕೊಂಡು ಮಲಯಾಳ ಕಲಿಸಿದರು. ನಂತರ ತೆಲುಗು, ತಮಿಳು ಮೊದಲಾದ ಭಾಷೆಗಳೂ ಸೇರಿದವು. ಬೆಂಗಳೂರಿನ ಯಂತ್ರಕ್ಕಾಗಿ ಹುಟ್ಟಿದ ಕನ್ನಡದ ಉಲಿ ಆ ಯಂತ್ರವಿಲ್ಲದೆಯೇ ನೆರೆಭಾಷೆಗಳಿಗೆ ದಾಟಿತು. ಯಾವ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ.

ಜವಳಗಿರಿಯಲ್ಲಿ ಕುಳಿತು ಈ ದಾಟುವಿಕೆಯನ್ನು ನೋಡಿದರೆ ಅದು ಅಮೂರ್ತ ವಿಷಯವಾಗಿ ಉಳಿಯುವುದಿಲ್ಲ. ತಳಿ, ಡೆಂಕಣಿಕೋಟೆಯ ಈ ಸೀಮೆಯಲ್ಲಿ ಮನೆಯ ಮಾತು ಕನ್ನಡ ಅಥವಾ ತೆಲುಗು, ಕಚೇರಿಯ ಬರಹ ತಮಿಳು. ಹಳೆಯ ತಲೆಮಾರಿನ ಅನೇಕರಿಗೆ ತಮಿಳು ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯದು. ನ್ಯಾಯಬೆಲೆ ಅಂಗಡಿಯಿಂದ ಬಂದ ಸಂದೇಶವನ್ನು ಹಿಡಿದು ಮೊಮ್ಮಗನ ಹತ್ತಿರ 'ಇದೇನಂತ ಓದಪ್ಪಾ' ಎನ್ನುವ ಅಜ್ಜಿಯನ್ನು ನಾನು ಕಂಡಿದ್ದೇನೆ. ಆಕೆಗೆ ಬೇಕಾದದ್ದು ಅನುವಾದವಲ್ಲ. ತಮಿಳು ಬರಹವನ್ನು ತಮಿಳಿನಲ್ಲೇ ಕೇಳಿಸುವ ಒಂದು ಉಲಿ. ಕನ್ನಡಕ್ಕೆಂದು ಹುಟ್ಟಿ ತಮಿಳು ಕಲಿತ ತಂತ್ರಾಂಶದ ಬೆಲೆ ತಿಳಿಯಬೇಕಾದದ್ದು ಇಂಥ ಮನೆಯ ಜಗಲಿಯಲ್ಲಿ. 'ಕನ್ನಡಕ್ಕೆ ತಂತ್ರಾಂಶ ಬೇಕು' ಎಂದು ಕೂಗುವ ನಮ್ಮ ಭಾಷಾ ಹೋರಾಟದ ಪರಿಭಾಷೆಗೆ ಈ ಅಜ್ಜಿ ಸಿಕ್ಕುವುದಿಲ್ಲ. ಒಂದು ಭಾಷೆಗೆ ಒಂದು ರಾಜ್ಯ ಎಂಬ ಎಣಿಕೆಯ ಹೊರಗೆ ಆಕೆ ಬದುಕುತ್ತಾಳೆ.

ಈಗ ಹೊಸೂರಿನ ಸುತ್ತ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಭಾಗಗಳನ್ನು ತಯಾರಿಸುತ್ತಿದೆ. ಯಂತ್ರಾಂಶ ಇಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ. ಇಲ್ಲಿನ ಕೈಗಳು ಜೋಡಿಸುವ ಆ ಫೋನಿನ ಒಳಗನ್ನು ಇಲ್ಲಿನವರು ಬಿಚ್ಚಿ ತಿದ್ದುವಂತಿಲ್ಲ. ಅದು ಮಾತಾಡುವ ಭಾಷೆಗಳನ್ನು ನಿರ್ಧರಿಸುವುದು ದೂರದ ಮತ್ತೊಂದು ಊರು. ಈ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳಲ್ಲಿ ಕೆಲವರಾದರೂ ಮುಂದೆ ಆ ಕಾರ್ಖಾನೆಗಳಿಗೇ ಕೆಲಸಕ್ಕೆ ಹೋಗುತ್ತಾರೆ. ಧ್ವನಿಯ ಸಂಕೇತ ಇಂದಿಗೂ ಮುಕ್ತವೇ. ಅದನ್ನು ತೆರೆದು ನೋಡಲು ಆ ಮಕ್ಕಳಿಗೆ ಕಲಿಸುವವರು ಯಾರು ಎಂಬುದನ್ನು ಯಾವ ಪರವಾನಗಿಯೂ ಹೇಳುವುದಿಲ್ಲ.