ಕ್ಯಾಮೆರಾ ಚಿಂಚೋಳಿಗೆ ಯಾವಾಗ ಬರುತ್ತದೆ?

ಸಾಹಸ ಸಾಕ್ಷ್ಯಚಿತ್ರವನ್ನೇ ವೃತ್ತಿ ಮಾಡಿಕೊಂಡು ಕರ್ನಾಟಕದಲ್ಲಿ ಬಾಳಬಹುದೆಂದು ತೋರಿಸಿದವರಲ್ಲಿ ಅಮೋಘವರ್ಷ ಮುಖ್ಯರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಕಾಡಿಗಿಳಿದ ಅವರು ಕಲ್ಯಾಣ್ ವರ್ಮಾ ಜೊತೆ ಮಾಡಿದ ‘ವೈಲ್ಡ್ ಕರ್ನಾಟಕ’ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೇ ಬಂತು. ಅದರ ನಿರೂಪಣೆಗಾಗಿ ಡೇವಿಡ್ ಅಟೆನ್‌ಬರೊ ಅವರಿಗೆ 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಿಕ್ಕಿತು. ಪುನೀತ್ ರಾಜ್‌ಕುಮಾರ್ ಬಣ್ಣ ಕಳಚಿ ತಾವಾಗಿಯೇ ಕಾಣಿಸಿಕೊಂಡ, ಅಮೋಘವರ್ಷರದೇ ‘ಗಂಧದ ಗುಡಿ’ 2022ರ ಅಕ್ಟೋಬರ್ 28ರಂದು, ಪುನೀತ್ ಅಗಲಿ ವರ್ಷ ತುಂಬುವ ಮುನ್ನಾದಿನ, ತೆರೆಕಂಡಿತು. ಕನ್ನಡದ ಮಟ್ಟಿಗೆ ಇವೆರಡೂ ದೊಡ್ಡ ಗೆಲುವುಗಳೇ. ಆದರೂ ಕಲಬುರಗಿಯಲ್ಲಿ ಕೂತು ನೋಡುವಾಗ ಒಂದು ಕೊರತೆ ಕಾಡುತ್ತದೆ. ಈ ಚಿತ್ರಗಳ ಒಲವು ಘಟ್ಟದ ಹಸಿರು, ಮಂಜು, ಜಲಪಾತ, ಹುಲಿ, ಆನೆಗಳ ಕಡೆಗೆ ವಾಲಿದೆ. ಪ್ರವಾಸೋದ್ಯಮದ ಜಾಹೀರಾತು ಚೆಲುವೆಂದು ಒಪ್ಪಿಕೊಂಡಿರುವುದೂ ಇದನ್ನೇ. ಜಾಹೀರಾತು ಮಾಡಿ ಗಳಿಸಿದ ದುಡ್ಡಿನಿಂದ ಸಾಕ್ಷ್ಯಚಿತ್ರ ಮಾಡುವುದು ತಪ್ಪಲ್ಲ; ಬೇರೆ ಆದಾಯವಿಲ್ಲದೆ ವರ್ಷಗಟ್ಟಲೆ ಕಾಡು ಕಾಯುವುದು ಯಾರಿಗೂ ಆಗದು. ತಕರಾರಿರುವುದು ದುಡ್ಡಿನ ಜೊತೆ ಜಾಹೀರಾತಿನ ಕಣ್ಣೂ ಬಂದುಬಿಡುವುದರ ಬಗ್ಗೆ. ಅರ್ಧ ನಿಮಿಷದಲ್ಲಿ ಆಸೆ ಹುಟ್ಟಿಸಲು ಪಳಗಿದ ಕಣ್ಣಿಗೆ ಒಣ ನೆಲ ಖಾಲಿಯಾಗಿ ಕಾಣುತ್ತದೆ.

ಅಮೋಘವರ್ಷ ಎಂಬ ಇದೇ ಹೆಸರಿನ ರಾಷ್ಟ್ರಕೂಟ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಜಿಲ್ಲೆಯಲ್ಲೇ ಇದೆ. ಅವನ ಆಸ್ಥಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತ್ತು. ಅಷ್ಟಗಲದ ನಾಡಿನ ಬಡಗಣ ಭಾಗಕ್ಕೆ ನಮ್ಮ ಕಾಡಿನ ಚಿತ್ರಗಳಲ್ಲಿ ಸಮಪಾಲು ಬೇಡವೇ? ತಾರೆಯಿಲ್ಲದೆ, ಹಸಿರಿಲ್ಲದೆ ಜನ ಬರುವುದಿಲ್ಲ ಎಂದು ನಿರ್ಮಾಪಕರು ಹೇಳಬಹುದು. ಪುನೀತ್ ಮೇಲಿನ ಪ್ರೀತಿಯೇ ‘ಗಂಧದ ಗುಡಿ’ಗೆ ಜನರನ್ನು ತಂದಿತೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಪ್ರೀತಿ ಎಷ್ಟು ಗಟ್ಟಿಯಿತ್ತೆಂದರೆ, ಅವರು ಬೋಳು ಗುಡ್ಡ ಹತ್ತಿದ್ದರೂ ಜನ ಹಿಂದೆ ನಡೆಯುತ್ತಿದ್ದರು. ಅಂಥ ಬಲ ಕೈಯಲ್ಲಿದ್ದಾಗಲೇ ಅಪರಿಚಿತ ನೆಲವನ್ನು ತೋರಿಸಬೇಕಿತ್ತು.

ಒಣ ನೆಲದಲ್ಲಿ ಸಾಹಸವೆಲ್ಲಿ ಎಂಬ ಮಾತು ಇನ್ನೂ ದುರ್ಬಲ. 2011ರಲ್ಲಿ ಘೋಷಣೆಯಾದ ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ ಎಲೆಯುದುರುವ ಕಾಡು. ಅಲ್ಲಿ ಚಂದ್ರಂಪಳ್ಳಿ ಜಲಾಶಯವಿದೆ, ಎತ್ತಿಪೋತ ಜಲಪಾತವಿದೆ, ಕಾಡಿಗೆ ಒತ್ತಿಕೊಂಡೇ ಲಂಬಾಣಿ ತಾಂಡಾಗಳಿವೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಬ್ಯಾಸಗಿಯಲ್ಲಿ ಪ್ರಾಣಿಯೂ ತಾಂಡಾದ ಮಂದಿಯೂ ನೀರಿಗಾಗಿ ಒಂದೇ ದಿಕ್ಕಿಗೆ ನಡೆಯುತ್ತಾರೆ. ಇದಕ್ಕಿಂತ ಬಿಗಿಯಾದ ಕಥೆ ಯಾವ ಘಟ್ಟದಲ್ಲಿದೆ? ಕಥೆ ಕಾಡಿನಲ್ಲಷ್ಟೇ ಇಲ್ಲ: ನಮ್ಮದೇ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಆದರೆ ಗೊನೆ ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಲ ಬೇಕು. ಅಷ್ಟು ಕಾಲ ಒಬ್ಬ ರೈತನ ಹೊಲದ ಬದುವಿನಲ್ಲಿ ಕ್ಯಾಮೆರಾ ಇಡಬಲ್ಲವನೇ ನಿಜವಾದ ಸಾಕ್ಷ್ಯಚಿತ್ರಕಾರ. ಸಾಕ್ಷ್ಯಚಿತ್ರ ಮಾಡಬಯಸುವ ಇಲ್ಲಿನ ಹುಡುಗರು ಬಟ್ಟೆ ಅಂಗಡಿಯ, ಕಾಲೇಜಿನ, ತೊಗರಿಬೇಳೆ ಬ್ರ್ಯಾಂಡಿನ ಜಾಹೀರಾತು ಮಾಡಿ ಹೊಟ್ಟೆ ಹೊರೆಯಲಿ. ಆದರೆ ಜಾಹೀರಾತಿನ ಲೆಕ್ಕ, ಸಾಕ್ಷ್ಯಚಿತ್ರದ ಲೆಕ್ಕ ಬೇರೆ ಬೇರೆ ಇರಲಿ. ‘ವೈಲ್ಡ್ ಕರ್ನಾಟಕ’ಕ್ಕಾಗಿ ಅರಣ್ಯ ಇಲಾಖೆಯ ಒಪ್ಪಂದದಡಿ ತೆಗೆದ ದೃಶ್ಯಗಳ ವಾಣಿಜ್ಯ ಬಳಕೆ ಹೈಕೋರ್ಟ್ ಮೆಟ್ಟಿಲೇರಿದ್ದು ಅವರಿಗೆ ನೆನಪಿರಬೇಕು. ಯಾವ ದೃಶ್ಯ ಯಾರದು, ಎಲ್ಲಿ ಮಾರಬಹುದು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಇಲಾಖೆಯ ಜೊತೆಗೂ ತಾಂಡಾದವರ ಜೊತೆಗೂ ಬರೆದುಕೊಳ್ಳಬೇಕು.