ಪಹಣಿಯಲ್ಲಿ ಹೆಸರಿದ್ದವರ ಬಿಸಿಲು

ಶನಿವಾರ ಪಾವಗಡದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲ ಶನಿಮಹಾತ್ಮನ ದರ್ಶನಕ್ಕೆ ಹೊರಟವರು. ಶನಿ ಸೂರ್ಯನ ಮಗ. ಅಪ್ಪನಿಗೂ ಮಗನಿಗೂ ಅಷ್ಟಕ್ಕಷ್ಟೇ ಎನ್ನುತ್ತದೆ ಪುರಾಣ. ಆದರೂ ಮಗ ನೆಲೆಸಿರುವ ತಾಲ್ಲೂಕಿಗೇ ಅಪ್ಪ ಬಂದು 13,000 ಎಕರೆ ಗುತ್ತಿಗೆ ಹಿಡಿದಿದ್ದಾನೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಹೊಲಗಳ ಮೇಲೆ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ, ಪೂರ್ತಿಯಾದದ್ದು 2019ರ ಕೊನೆಗೆ. ಸರ್ಕಾರ ಇದಕ್ಕೆ ‘ಶಕ್ತಿ ಸ್ಥಳ’ ಎಂದು ಹೆಸರಿಟ್ಟಿತು.

ಈ ಭೂಮಿಯ ಮುಂದಿನ ದಿನಗಳನ್ನು ತಂತ್ರಜ್ಞಾನ ಹೇಗೆ ತಿದ್ದುತ್ತಿದೆ ಎಂದು ನೋಡಬೇಕಾದವರು ಪ್ರಯೋಗಾಲಯಕ್ಕೆ ಹೋಗುವ ಬದಲು ಇಲ್ಲಿಗೆ ಬರಬಹುದು. ಇಲ್ಲಿ ಕಲ್ಲಿದ್ದಲು ಸುಡುವುದಿಲ್ಲ, ಬೂದಿ ಬೀಳುವುದಿಲ್ಲ. ಮಳೆ ಕೈಕೊಟ್ಟ ವರ್ಷವೂ ಬೆಳೆ ಬರುತ್ತದೆ. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಹೆಸರು ಬರೆಸಿಕೊಂಡ ಊರಿಗೆ ಇದು ಸಣ್ಣ ಮಾತಲ್ಲ. ಅಂಕಿಯ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ್ದು 1,720 ಮೆಗಾವಾಟ್, ಪಾವಗಡದ್ದು ಅದಕ್ಕಿಂತ ದೊಡ್ಡದು ಎಂದು ಬೀಗುವವರು ರಾತ್ರಿಯನ್ನು ಮರೆತಿರುತ್ತಾರೆ. ವರ್ಷವಿಡೀ ಲೆಕ್ಕ ಹಾಕಿದರೆ ಸೋಲಾರ್ ಪ್ಲೇಟುಗಳಿಂದ ಕೈಗೆ ಸಿಗುವುದು ಪೂರ್ಣ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು.

ಆದರೆ ಪಾವಗಡದ ನಿಜವಾದ ಹೊಸತನ ಇರುವುದು ಪ್ಲೇಟುಗಳಲ್ಲಲ್ಲ. ಅವು ಎಲ್ಲ ಕಡೆಯೂ ಒಂದೇ. ಹೊಸದು ಇಲ್ಲಿನ ಕರಾರು. ರಾಜಸ್ಥಾನದ ಭಡ್ಲಾ ಪಾರ್ಕ್ ಬಹುಪಾಲು ಸರ್ಕಾರಿ ಜಮೀನಿನ ಮೇಲೆ ನಿಂತಿದೆ. ನಮ್ಮಲ್ಲಿ ಕೈಗಾರಿಕೆ ಬರುತ್ತದೆಂದರೆ ಮೊದಲು ಬರುವುದು ಭೂಸ್ವಾಧೀನದ ನೋಟಿಸು. ಇಲ್ಲಿ ಹಾಗಾಗಲಿಲ್ಲ. ಜಮೀನು ರೈತನ ಹೆಸರಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, 28 ವರ್ಷದ ಗುತ್ತಿಗೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ಸಾಲವೂ ಹುಟ್ಟದೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದವರಿಗೆ ವರ್ಷ ವರ್ಷ ತಪ್ಪದೆ ಬರುವ ದುಡ್ಡು ಇದು. ಒಳ್ಳೆಯ ಯೋಚನೆ ಎಂದು ಒಪ್ಪಲು ನನಗೆ ಹಿಂಜರಿಕೆಯಿಲ್ಲ.

ಹಾಗೆಂದು ಕರಾರನ್ನು ಪೆನ್ಸಿಲ್ ಹಿಡಿಯದೆ ಓದಬಾರದು. ಶೇ 5ರ ಏರಿಕೆ ಕೇಳಲು ಚೆನ್ನಾಗಿದೆ. ಎರಡು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೆ ಎರಡೂವರೆಯೂ ಮುಟ್ಟುವುದಿಲ್ಲ. ಗುತ್ತಿಗೆಯ ಕೊನೆಯ ಎರಡು ವರ್ಷ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ರಿಸರ್ವ್ ಬ್ಯಾಂಕ್ ಗುರಿ ಇಟ್ಟುಕೊಂಡಿರುವ ಶೇ 4ರ ದರದಲ್ಲೇ ಬೆಲೆ ಏರಿದರೂ, ಮೊದಲ ವರ್ಷದ 21,000ದ ಬೆಲೆ ಆ ಹೊತ್ತಿಗೆ ಉಳಿಯಬೇಕಾದರೆ 58,000 ಬೇಕು. ಅಂದರೆ ಅಂಕಿ ಬೆಳೆಯುತ್ತದೆ, ದುಡ್ಡು ಸವೆಯುತ್ತದೆ. ಎರಡೆಕರೆಯವನಿಗೆ ಶುರುವಿನಲ್ಲೇ ತಿಂಗಳಿಗೆ ಬಿದ್ದದ್ದು 3,500 ರೂಪಾಯಿ. ಇಪ್ಪತ್ತು ಎಕರೆಯವನ ಮನೆಯ ಕಥೆ ಬೇರೆ, ಬಿಡಿ.

ಕಥೆ ಪೂರ್ತಿ ಬೇರೆಯಾಗುವುದು ಎಕರೆಯೇ ಇಲ್ಲದವರ ಮನೆಯಲ್ಲಿ. ಕಡಲೆಕಾಯಿ ಹೊಲ ಎಂದರೆ ಬರೀ ಹೊಲದೊಡೆಯನ ಹೊಲವಾಗಿರಲಿಲ್ಲ. ಕಳೆ ತೆಗೆಯಲು ಹೆಂಗಸರು ಬೇಕು, ಗಿಡ ಕೀಳಲು ಆಳು ಬೇಕು, ಕಾಯಿ ಬಿಡಿಸಲು ಮತ್ತೆ ಹೆಂಗಸರು. ಎಲ್ಲ ಮುಗಿದ ಮೇಲೆ ಮಣ್ಣಲ್ಲಿ ಉಳಿದ ಕಾಯನ್ನು ಕೆದಕಿ ಹಕ್ಕಲು ಆಯುವವರು ಬರುತ್ತಿದ್ದರು. ಅವರನ್ನು ಯಾರೂ ತಡೆಯುತ್ತಿರಲಿಲ್ಲ. ಬಳ್ಳಿ ದನದ ಪಾಲು, ಖಾಲಿ ಹೊಲ ಕುರಿಯ ಪಾಲು. ಇವು ಯಾವುವೂ ಪಹಣಿಯಲ್ಲಿ ಇರುವುದಿಲ್ಲ. ಕರಾರು ಓದಿದ್ದು ಪಹಣಿಯನ್ನು ಮಾತ್ರ.

ಈಗ ಆ ಜಾಗದಲ್ಲಿ ತಂತಿ ಬೇಲಿ, ಗೇಟಿನಲ್ಲಿ ಸೆಕ್ಯುರಿಟಿ. ಒಳಗೆ ಸಾಲು ಸಾಲು ಗಾಜು. ಅದರ ಮೇಲೆ ಒಂದು ಪದರ ಧೂಳು ಕೂತರೆ ಕರೆಂಟು ಇಳಿಯುತ್ತದೆ. ಉದ್ದನೆಯ ಕೋಲಿನ ತುದಿಗೆ ವೈಪರ್ ಕಟ್ಟಿ, ನೀರು ಹಾಯಿಸಿ ಒರೆಸಬೇಕು. ನೀರಿಗೆ ಪರದಾಡುವ ತಾಲ್ಲೂಕಿನಲ್ಲಿ ಗಾಜಿಗೆ ಸ್ನಾನ! ನೀರಿಲ್ಲದೆ ಒರೆಸುವ ಯಂತ್ರವೂ ಇದೆ. ಅದು ಬಂದರೆ ನೀರು ಉಳಿಯುತ್ತದೆ, ಒರೆಸುವವನ ಕೂಲಿ ಹೋಗುತ್ತದೆ. ಪ್ಲೇಟಿನ ಅಡಿಯಲ್ಲಿ ಹುಲ್ಲು ಬೆಳೆದು ನೆರಳು ಬೀಳಬಾರದಲ್ಲ, ಅದನ್ನು ಕೊಯ್ಯುವುದು ಹೆಂಗಸರ ಕೆಲಸ. ಹಿಂದೆ ಬೆಳೆಯ ನಡುವೆ ಕಳೆ ಕಿತ್ತವರು ಈಗ ಗಾಜಿನ ಕೆಳಗೆ ಬಗ್ಗಿ ಕಳೆ ಕೊಯ್ಯುತ್ತಾರೆ. ಅದೂ ಎಷ್ಟು ಜನಕ್ಕೆ ಸಿಕ್ಕೀತು?

ರಾತ್ರಿಯ ವಿಷಯ ಹೇಳಿದೆನಲ್ಲ, ಅದಕ್ಕೂ ಒಂದು ಬಿಲ್ಲಿದೆ. ಹಗಲಿನ ಕರೆಂಟಿನಲ್ಲಿ ನೀರನ್ನು ಮೇಲಕ್ಕೆತ್ತಿ ರಾತ್ರಿ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಹಿಂದಿರುವ ತರ್ಕ ಅದೇ. ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಕೊರೆಯಬೇಕು. ಬಯಲುಸೀಮೆಯ ಬಿಸಿಲನ್ನು ರಾತ್ರಿಗೆ ಉಳಿಸಿಕೊಳ್ಳಲು ಮಲೆನಾಡು ಬಾಡಿಗೆ ಕಟ್ಟಬೇಕು. ಇನ್ನು, ಸುಮಾರು 25 ವರ್ಷಕ್ಕೆ ಆಯಸ್ಸು ಮುಗಿಸುವ ಪ್ಲೇಟುಗಳು ಎಲ್ಲಿಗೆ? 2022ರ ಇ-ತ್ಯಾಜ್ಯ ನಿಯಮಗಳು ಅವನ್ನೂ ಪಟ್ಟಿಗೆ ಸೇರಿಸಿವೆ, ಅಷ್ಟೇ.

ಯಂತ್ರಕ್ಕೆ ಪೂರ್ಣ ಅಂಕ, ಕರಾರಿಗೆ ಅರ್ಧ. ಪಾರ್ಕನ್ನು ಇನ್ನೂ ಹಿಗ್ಗಿಸುವ ಮಾತು ಸರ್ಕಾರದ ಮಟ್ಟದಲ್ಲಿದೆ. ಹೊಸ ಕರಾರು ಬರೆಯಲು ಕೂರುವ ಅಧಿಕಾರಿಗಳಲ್ಲಿ ಕೇಳುವುದಿಷ್ಟು: ಬಾಡಿಗೆಯ ಏರಿಕೆಯನ್ನು ಬೆಲೆ ಏರಿಕೆಗೆ ಗಂಟು ಹಾಕಿ; ಮತ್ತೆ, ಮೇಜಿನ ಮೇಲೆ ಪಹಣಿಯ ಪಕ್ಕದಲ್ಲಿ ಆ ಊರಿನ ಗ್ರಾಮ ಪಂಚಾಯಿತಿಯಲ್ಲಿರುವ ಕೂಲಿಕಾರರ ಜಾಬ್ ಕಾರ್ಡ್ ಪಟ್ಟಿಯನ್ನೂ ತರಿಸಿ ಇಟ್ಟುಕೊಳ್ಳಿ.